ಉಸಿರಿನ ಸಾಕ್ಷಿ

ವಿಶ್ವವಿದ್ಯಾಲಯದಲ್ಲಿ ಅವಳಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು ನಿಜ, ಆದರೆ ಅದು ಕೋಣೆಯ ಬಾಗಿಲಿನ ಫಲಕ ಬಿಟ್ಟು ಆಚೆ ಬಂದದ್ದೇ ಇಲ್ಲ. ಅಟೆಂಡರ್‌ನಿಂದ ಹಿಡಿದು ಕುಲಪತಿಯವರೆಗೆ ಎಲ್ಲರಿಗೂ ಅವಳು ಹೊಗೆ ಮೇಡಂ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನು ತಿರುಗಿಸಿದ ಮೇಲೆ ಬೇರೆ ಏನೂ ಕರೆಯುತ್ತಿರಲಿಲ್ಲ. ಅವಳ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿಸಿದರೆ ಸಾಕು, ಮೊಗಸಾಲೆಯಲ್ಲಿ ನಿಂತವರ ಅರ್ಧ ಸೇದಿದ ಸಿಗರೇಟುಗಳೆಲ್ಲ ಹೂವಿನ ಕುಂಡಕ್ಕೆ ಬೀಳುತ್ತಿದ್ದವು. ಆ ಕುಂಡದಲ್ಲಿ ಯಾವ ಗಿಡವೂ ಬದುಕುವುದಿಲ್ಲವೆಂದು ಮಾಲಿ ಗೋಳಾಡುತ್ತಿದ್ದ. ಒಮ್ಮೆ ಡೀನ್ ಸಾಹೇಬರು ಗಾಬರಿಯಲ್ಲಿ ಉರಿಯುವ ಸಿಗರೇಟನ್ನು ಕೋಟಿನ ಜೇಬಿಗೇ ಇಳಿಸಿ, ಮೀಟಿಂಗಿನ ನಡುವೆ ಎದ್ದು ಕುಣಿದದ್ದನ್ನು ಕ್ಯಾಂಪಸ್ಸಿನವರು ಇಂದಿಗೂ ಮರೆತಿಲ್ಲ. ಆ ಕೋಟು ಕೊನೆಗೆ ರಿಪೇರಿಗೆ ಹೋದದ್ದು ಅವಳ ತಮ್ಮನ ಹತ್ತಿರವೇ. ತಮ್ಮ ಟೈಲರ್. ಜೇಬಿನ ತೂತು ಮುಚ್ಚಿ ಕೊಟ್ಟು, ಅಕ್ಕನಿಗೆ ಫೋನ್ ಮಾಡಿ ಬಿದ್ದು ಬಿದ್ದು ನಕ್ಕಿದ್ದ. ಅಕ್ಕ ತಮ್ಮ ಕೂಡಿ ನಗುತ್ತಿದ್ದ ಕಾಲ ಅದು.

ಜನ ತಂಬಾಕನ್ನು ಯಾಕೆ ಹಿಡಿಯುತ್ತಾರೆ, ಹಿಡಿದವರು ಯಾಕೆ ಬಿಡಲಾರರು, ಬಿಟ್ಟೆವು ಎನ್ನುವವರು ನಿಜವಾಗಿ ಬಿಟ್ಟಿರುತ್ತಾರೆಯೇ. ಅವಳು ಇಡೀ ವಯಸ್ಸನ್ನು ಕಳೆದದ್ದು ಈ ಮೂರು ಪ್ರಶ್ನೆಗಳ ಹಿಂದೆ. ಮೊದಲ ಎರಡಕ್ಕೆ ಉತ್ತರ ಹೇಳುವವರು ಪ್ರಪಂಚದಲ್ಲಿ ಬೇಕಾದಷ್ಟು ಮಂದಿ ಇದ್ದರು. ಮೂರನೆಯದಕ್ಕೆ ಮಾತ್ರ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಅದಕ್ಕೊಂದು ಕಾರಣವಿತ್ತು, ಕಾರಣದ ಹೆಸರು ಅಪ್ಪ.

ಅಪ್ಪನೂ ಟೈಲರೇ. ಚಹದಂಗಡಿಯ ಮೇಲಿನ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗೋಡೆಗೆ ಒರಗಿಸಿದ ಬಟ್ಟೆಯ ಥಾನುಗಳು. ತುಟಿಯಲ್ಲಿ ಸಿಗರೇಟು ಕಚ್ಚಿಕೊಂಡೇ ಗುಂಡಿಗೆ ಕಾಜ ಹೊಲಿಯುತ್ತಿದ್ದ ಮನುಷ್ಯ. ಎದೆ ಕೆಟ್ಟು, ಡಾಕ್ಟರು ಗದರಿಸಿದ ಮೇಲೆ ಬಿಟ್ಟೆ ಎಂದ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ನಂಬಿದವಳು ಮಗಳು. ಡಾಕ್ಟರು ಕೇಳಿದಾಗ ಅಪ್ಪ ಬಾಯಿ ತೆರೆಯುವ ಮೊದಲೇ ಇವಳು ಮುಂದೆ ನಿಂತು, ಇಲ್ಲ ಡಾಕ್ಟ್ರೇ, ಅಪ್ಪ ಈಗ ಸೇದೋದೇ ಇಲ್ಲ ಎಂದು ಹೇಳುತ್ತಿದ್ದಳು. ಆ ಮಾತಿನ ಮೇಲೆ ಔಷಧಿ ನಡೆಯಿತು, ಕೆಮ್ಮು ಮಾತ್ರ ನಿಲ್ಲಲಿಲ್ಲ. ಅಪ್ಪ ಹೋದ ಮೇಲೆ ತಮ್ಮ ಯಂತ್ರಕ್ಕೆ ಎಣ್ಣೆ ಬಿಡಲು ಕೆಳಗಿನ ಖಾನೆ ಎಳೆದರೆ, ದಾರದ ಉಂಡೆಗಳ ಹಿಂದೆ ಸಿಗರೇಟು ಪ್ಯಾಕುಗಳು, ಪಕ್ಕದಲ್ಲಿ ವಾಸನೆ ಮುಚ್ಚಲು ಪುದೀನ ಗುಳಿಗೆ. ತಮ್ಮ ಅತ್ತ. ಇವಳು ಅಳಲಿಲ್ಲ. ಸುಳ್ಳು ಹೇಳಿದ್ದು ಅಪ್ಪ, ಆದರೆ ಸಾಕ್ಷಿ ಹೇಳಿದವಳು ತಾನು ಎಂಬುದು ಅವಳ ಗಂಟಲಲ್ಲಿ ಮುಳ್ಳಾಗಿ ಕೂತಿತು, ಮತ್ತೆ ಇಳಿಯಲೇ ಇಲ್ಲ.

ಹಾಗಾಗಿ ಪಿಎಚ್.ಡಿ. ವಿಷಯ ಆರಿಸುವಾಗ ಅವಳಿಗೆ ಯೋಚನೆಯೇ ಬೇಕಾಗಲಿಲ್ಲ. ಗೈಡ್ ಒಬ್ಬರು ಸಾಧು ಮನುಷ್ಯ, ಅವರೂ ಕದ್ದು ಸೇದುವವರೇ, ಬೇರೆ ಏನಾದರೂ ಮಾಡಮ್ಮ ಎಂದು ಬೇಡಿಕೊಂಡರು. ಅವಳು ಕೇಳಲಿಲ್ಲ. ಅಂಗೈಯಗಲದ ಯಂತ್ರವೊಂದನ್ನು ತರಿಸಿಕೊಂಡಳು. ತುದಿಗೆ ಕಾಗದದ ಕೊಳವೆ ಸಿಕ್ಕಿಸಬೇಕು, ಉಸಿರೆಳೆದು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ಆಮೇಲೆ ನಿಧಾನವಾಗಿ ಊದಬೇಕು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಸೇದಿದವರ ರಕ್ತದಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ, ಉಸಿರಿನಲ್ಲಿ ಹೊರಗೆ ಬರುತ್ತದೆ. ಯಂತ್ರ ಅದನ್ನು ಹಿಡಿಯುತ್ತದೆ. ಸೇದದವರಿಗೆ ಹಸಿರು ದೀಪ, ಸೇದಿದವರಿಗೆ ಕೆಂಪು. ಜೀವನವೆಲ್ಲ ಇಷ್ಟು ಸುಲಭವಾಗಿದ್ದರೆ ಎಂದು ಅವಳಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಅವಳ ಕೆಲಸದ ರೀತಿ ಒಂದಿತ್ತು, ವಿದ್ಯಾರ್ಥಿಗಳು ಅದನ್ನು ಕಲಿಯಲೆಂದೇ ಬರುತ್ತಿದ್ದರು. ಬಿಟ್ಟೆ ಎಂದವನನ್ನು ಎದುರಿಗೆ ಕೂರಿಸುವುದು, ಊದಿಸುವುದು. ಕೆಂಪು ಹತ್ತಿದರೆ ಬೈಯುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ. ದೀಪ ಅವನಿಗೆ ಕಾಣುವ ಹಾಗೆ ಯಂತ್ರವನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕಾಯುವುದು. ಗಡಿಯಾರದ ಸದ್ದು, ಹೊರಗೆ ಯಾರದೋ ನಡಿಗೆ. ಸ್ವಲ್ಪ ಹೊತ್ತಿಗೆ ಎದುರಿಗಿದ್ದವನ ಮುಖ ಹುಳ್ಳಗಾಗುತ್ತದೆ, ಕೈ ಹೊಸಕುತ್ತಾನೆ, ಆಮೇಲೆ ಮಾತು ತಾನಾಗಿ ಬರುತ್ತದೆ. ಒಂದೇ ಒಂದು ಮೇಡಂ, ನಿನ್ನೆ, ಗೆಳೆಯರು ಬಲವಂತ ಮಾಡಿದರು. ಲಿಫ್ಟ್ ನಡೆಸುವವನು ಒಪ್ಪಿಕೊಂಡ, ಪೊಲೀಸಿನವನು ಒಪ್ಪಿಕೊಂಡ, ಒಬ್ಬ ನ್ಯಾಯಾಧೀಶರೂ ಒಪ್ಪಿಕೊಂಡರು. ಹಾಗೆ ಸುಮ್ಮನೆ ಕಾಯುತ್ತ ಕೂತರೆ ಜನ ಮಾಡದ್ದನ್ನೂ ಒಪ್ಪಿಕೊಂಡಾರು ಎನ್ನುವುದು ಅವಳಿಗೆ ಆಗ ಹೊಳೆಯಲಿಲ್ಲ.

ಪ್ರಬಂಧಗಳು ಬಂದವು, ಹೊರದೇಶಗಳ ಕರೆಗಳು ಬಂದವು, ವಿಭಾಗದ ಮುಖ್ಯಸ್ಥೆಯ ಕುರ್ಚಿಯೂ ಬಂತು. ಮದುವೆಯೊಂದು ಬಂದು ಹೋಯಿತು. ಗಂಡ ರಸಾಯನಶಾಸ್ತ್ರದ ಮೇಷ್ಟರು, ಜನ್ಮದಲ್ಲಿ ಸಿಗರೇಟು ಮುಟ್ಟಿದವರಲ್ಲ. ಬಸ್ಸಿನಲ್ಲಿ ಯಾರ ಪಕ್ಕದಲ್ಲೋ ಕೂತು ಬಂದಿರುತ್ತಿದ್ದರು, ಇವಳು ಬಾಗಿಲಲ್ಲೇ ಕೋಟು ಮೂಸುತ್ತಿದ್ದಳು. ಒಂದು ಸಂಜೆ ಅವರು ಕೋಟು ಬಿಚ್ಚದೆ ನಿಂತು, “ನಾನು ನಿನ್ನ ಗಂಡನೋ ಸ್ಯಾಂಪಲ್ಲೋ, ಅದನ್ನ ಮೊದಲು ಹೇಳು” ಎಂದು ಕೇಳಿದರು. ಅವಳು ಉತ್ತರ ಕೊಡುವುದಕ್ಕೆ ತಡ ಮಾಡಿದಳು. ಅವರು ಬೇರೆ ಊರಿಗೆ ವರ್ಗ ಮಾಡಿಸಿಕೊಂಡರು. ಜಗಳ ಕೂಗಾಟ ಏನೂ ಇಲ್ಲದೆ, ಬಾಡಿಗೆ ಮನೆ ಖಾಲಿ ಮಾಡಿದಷ್ಟೇ ಸರಾಗವಾಗಿ ಆ ಸಂಸಾರ ಮುಗಿಯಿತು.

ಉಳಿದದ್ದು ಅಮ್ಮ ಮತ್ತು ತಮ್ಮ. ಅವರಿಬ್ಬರೂ ಅದೇ ಚಹದಂಗಡಿಯ ಮೇಲಿನ ಮನೆಯಲ್ಲಿ. ತಮ್ಮ ಅಪ್ಪನ ಹೊಲಿಗೆ ಯಂತ್ರದ ಜೊತೆಗೆ ಅಪ್ಪನ ಚಟವನ್ನೂ ಬಳುವಳಿಯಾಗಿ ಪಡೆದಿದ್ದ. ಊರೆಲ್ಲ ಸಿಗರೇಟು ಬಿಡಿಸುವವಳ ತಮ್ಮ ಯಂತ್ರ ತುಳಿಯುತ್ತ ಹೊಗೆ ಬಿಡುತ್ತಿದ್ದ. ಬಿಡೋ ಎಂದರೆ, ನಾನೂ ಬಿಟ್ಟರೆ ನಿನಗೆ ಕೆಲಸ ಎಲ್ಲಿರುತ್ತೆ ಅಕ್ಕ ಎಂದು ಹಲ್ಲು ಬಿಡುತ್ತಿದ್ದ. ಆದರೆ ಒಂದು ವರ್ಷ ಅವನಿಗೂ ಕೆಮ್ಮು ಶುರುವಾಯಿತು. ಅಪ್ಪನದೇ ಕೆಮ್ಮು, ಅದೇ ರಾಗ. ಗೋಡೆಯಾಚೆಯಿಂದ ಕೇಳಿದರೆ ಅಪ್ಪನೇ ಎದ್ದು ಬಂದ ಹಾಗೆ. ಅಂದಿನಿಂದ ಅವಳಿಗೆ ಇದ್ದದ್ದು ಒಂದೇ ಹಟ, ಇವನನ್ನು ಅಪ್ಪನ ದಾರಿಗೆ ಬಿಡಬಾರದು.

ತಮ್ಮನೂ ಈ ಸಲ ಹೆದರಿದ್ದ. ಅಕ್ಕ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ. ಬೂದಿ ಬಟ್ಟಲನ್ನು ತೊಳೆದು ಅದರಲ್ಲಿ ಗುಂಡಿಗಳನ್ನು ಹಾಕಿಟ್ಟ. ಸಿಗರೇಟಿನ ಬದಲು ಅವಳು ಕೊಟ್ಟ ನಿಕೋಟಿನ್ ಗಮ್ಮನ್ನು ದಿನವಿಡೀ ಜಗಿದ. ಕೆಳಗಿನ ಚಹದಂಗಡಿಯ ಮುಂದೆ ಜನ ನಿಂತು ಸೇದುವ ಹೊಗೆ ಮೇಲೇರಿ ಬಂದು ಬಾಯಲ್ಲಿ ನೀರೂರಿಸುತ್ತದೆ ಎಂದಾಗ ಅವಳೇ ಹೇಳಿದ್ದಳು, ಆ ಕಡೆಯ ಕಿಟಕಿ ಮುಚ್ಚು, ಒಂದು ಎಳೆ ಹೊಗೆಯೂ ಒಳಗೆ ಬರದ ಹಾಗೆ ನೋಡಿಕೋ. ವಾರಕ್ಕೊಮ್ಮೆ ಬೆಳಿಗ್ಗೆ ಬಸ್ಸು ಹಿಡಿದು ಅವಳ ಪ್ರಯೋಗಾಲಯಕ್ಕೆ ಬಂದು ಊದುತ್ತಿದ್ದ. ಹಸಿರು. ಮುಂದಿನ ವಾರವೂ ಹಸಿರು. ದೀಪ ಹತ್ತಿದಾಗ ಪರೀಕ್ಷೆ ಪಾಸಾದ ಹುಡುಗನ ಹಾಗೆ ಅಟೆಂಡರ್‌ನನ್ನೂ ಕರೆದು ತೋರಿಸುತ್ತಿದ್ದ. ಅವಳು ಮೇಲೆ ಗಂಭೀರವಾಗಿ ಕೂತಿದ್ದರೂ ಒಳಗೆ ಉಬ್ಬಿ ಹೋಗಿದ್ದಳು. ಅಪ್ಪನ ಲೆಕ್ಕ ಇವನಲ್ಲಿ ತೀರುತ್ತದೆ ಎಂದುಕೊಂಡಳು.

ಚಳಿ ಬಂತು. ಆ ವರ್ಷದ ಚಳಿ ಜೋರು. ಒಂದು ಬೆಳಿಗ್ಗೆ ತಮ್ಮ ಎಂದಿನಂತೆ ಬಂದು ಊದಿದ, ಕೆಂಪು ಹತ್ತಿತು.

ಅವನು ದೀಪ ನೋಡಿದ, ಅಕ್ಕನ ಮುಖ ನೋಡಿದ. ಅವಳು ಯಂತ್ರವನ್ನು ಮೇಜಿನ ಮೇಲೆ ಅವನ ಕಡೆಗೆ ತಿರುಗಿಸಿಟ್ಟು ಕಾಯತೊಡಗಿದಳು. ಅವನು ಇನ್ನೊಮ್ಮೆ ಊದುತ್ತೇನೆ ಎಂದ, ಊದಿದ, ಮತ್ತೆ ಕೆಂಪು. ಕೆಟ್ಟಿರಬೇಕು ಎಂದ. ಅವಳು ತಾನೇ ಊದಿ ತೋರಿಸಿದಳು, ಹಸಿರು. ಆಮೇಲೆ ಇಬ್ಬರೂ ಸುಮ್ಮನೆ ಕೂತರು. ನ್ಯಾಯಾಧೀಶರನ್ನೂ ಬಗ್ಗಿಸಿದ ಮೌನ ಅದು. ತಮ್ಮ ಬಗ್ಗಲಿಲ್ಲ.

“ಅಕ್ಕಾ, ನಾನು ಸೇದಿಲ್ಲ.”

“ಅಪ್ಪನೂ ಹೀಗೇ ಹೇಳ್ತಿದ್ರು.”

“ನಾನು ಅಪ್ಪ ಅಲ್ಲ. ನಿನ್ನ ಮುಂದೆ ಕೂತು ಹೇಳ್ತಿದ್ದೀನಿ, ಮುಟ್ಟಿಲ್ಲ. ಆ ಡಬ್ಬಿಗಿಂತ ನಾನು ಕಡೆನಾ?”

ಉಗುಳು ಪರೀಕ್ಷೆ ಮಾಡಿಸಿದರೂ ಉಪಯೋಗವಿರಲಿಲ್ಲ, ಗಮ್ ಜಗಿಯುವವನ ಉಗುಳಿನಲ್ಲಿ ನಿಕೋಟಿನ್ ಸುಳಿವು ಇದ್ದೇ ಇರುತ್ತದೆ. ಉಳಿದದ್ದು ಉಸಿರೊಂದೇ. ತಲೆನೋವು, ತಲೆ ಸುತ್ತು, ನಿದ್ದೆ ಸರಿಯಿಲ್ಲ, ಕೂತಲ್ಲೇ ಮಂಪರು ಎಂದು ಅವನೇ ಹೇಳಿಕೊಂಡಿದ್ದ. ಚಟ ಬಿಡಲು ಹೋಗಿ ಮತ್ತೆ ಜಾರುವವರೆಲ್ಲ ಹೇಳುವ ಮಾತುಗಳೇ ಅವು, ಅವಳು ಅದರ ಮೇಲೆ ಒಂದು ಅಧ್ಯಾಯವನ್ನೇ ಬರೆದಿದ್ದಳು. ಬಟ್ಟೆಯಲ್ಲಿ ವಾಸನೆ ಇರಲಿಲ್ಲ ನಿಜ. ಅಪ್ಪನ ಬಟ್ಟೆಯಲ್ಲೂ ಇರಲಿಲ್ಲ, ಪುದೀನ ಗುಳಿಗೆ ಇತ್ತು. ಎಲ್ಲವೂ ಸರಿಯಾಗಿ ಕೂಡಿಕೊಂಡಿತು. ನಿಜ ಹೇಳುವ ಮನಸ್ಸಾದಾಗ ಬಾ ಎಂದು ಹೇಳಿ ಅವನನ್ನು ಕಳಿಸಿದಳು. ಅವನು ಮೆಟ್ಟಿಲಿಳಿದು ಹೋದ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಈ ಯಂತ್ರದ ಪಾಠ ಹೇಳುವಾಗ ಕೊನೆಯಲ್ಲಿ ಪರದೆಯ ಮೇಲೆ ಒಂದು ಚಿತ್ರ ತೋರಿಸುತ್ತಿದ್ದಳು. ಸೇದದವರಿಗೂ ಕೆಂಪು ಹತ್ತುವುದು ಯಾವಾಗ? ವಾಹನದ ಹೊಗೆ, ಕೆಟ್ಟ ಒಲೆ, ಗಾಳಿಯಾಡದ ಕೋಣೆಯಲ್ಲಿ ಉರಿಯುವ ಗ್ಯಾಸ್ ಹೀಟರ್. ಹಾಗಾದರೆ ಮೊದಲು ಅವರ ಮನೆ ನೋಡಿ, ಇದು ಪ್ರಾಣದ ವಿಷಯ ಎಂದು ಕೆಳಗೆ ಬರೆದಿತ್ತು. ಬರೆದವಳೂ ಅವಳೇ. ಆ ಚಿತ್ರ ಬರುವ ಹೊತ್ತಿಗೆ ಗಂಟೆ ಹೊಡೆಯುವ ಸಮಯವಾಗಿರುತ್ತಿತ್ತು, ಹುಡುಗರು ಚೀಲ ಎತ್ತಿಕೊಳ್ಳುತ್ತಿದ್ದರು, ಅವಳೂ ಹೆಚ್ಚು ಎಳೆಯುತ್ತಿರಲಿಲ್ಲ. ಅವಳ ಇಷ್ಟು ವರ್ಷದ ಕೆಲಸದಲ್ಲಿ ಕೆಂಪು ಹತ್ತಿದವರೆಲ್ಲ ಸೇದಿದ್ದೇನೆ ಎಂದೇ ಒಪ್ಪಿಕೊಂಡಿದ್ದರು. ಆ ಚಿತ್ರ ಹೇಳುವಂಥವನು, ಸೇದದೆಯೂ ಕೆಂಪು ಹತ್ತಿದವನು, ಅವಳಿಗೆ ಒಮ್ಮೆಯೂ ಎದುರಾಗಿರಲಿಲ್ಲ.

ಸ್ವಲ್ಪ ದಿನಕ್ಕೆ ಅಮ್ಮನ ಫೋನು ಬಂತು, ತನಗೂ ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ ಎಂದು. ಅವಳು ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಕೆಳಗೆ ಚಹದಂಗಡಿಯ ಮುಂದಿನ ಹೊಗೆಯನ್ನು ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟಿ ಮೇಲೆ ಹತ್ತಿದಳು. ಚಳಿಗೆ ಕೈಗಳು ಮರಗಟ್ಟಿದ್ದವು. ಕೋಣೆಯ ಮೂಲೆಯಲ್ಲಿ ಗ್ಯಾಸ್ ಹೀಟರ್ ಉರಿಯುತ್ತಿತ್ತು, ಬೆರಳು ಸೆಟೆದರೆ ಸೂಜಿ ಹಿಡಿಯಲಾಗುವುದಿಲ್ಲವೆಂದು ಚಳಿಗಾಲದಲ್ಲಿ ಆ ಮನೆಯಲ್ಲಿ ದಿನವಿಡೀ ಉರಿಯುವುದೇ. ಅವಳು ಬಂದವಳೇ ಅದರ ಮುಂದೆ ಕೂತು ಕೈ ಕಾಯಿಸಿಕೊಂಡಳು. ಆಮೇಲೆ ಅಮ್ಮನಿಂದ ಊದಿಸಿದಳು.

ಕೆಂಪು. ಜೀವಮಾನದಲ್ಲಿ ಸಿಗರೇಟು ಹಿಡಿಯದ ಅಮ್ಮನಿಗೆ ಕೆಂಪು.

ಬೇರೆ ಯಾರ ಮನೆಯಾಗಿದ್ದರೂ ಅವಳು ಅಲ್ಲಿಗೇ ಎಚ್ಚೆತ್ತುಕೊಳ್ಳುತ್ತಿದ್ದಳೇನೋ. ಪಕ್ಕದವರು ಸೇದಿದ ಮಾತ್ರಕ್ಕೆ ಇಷ್ಟು ಏರುವುದಿಲ್ಲ ಎಂದು ಅವಳೇ ತರಗತಿಯಲ್ಲಿ ಹೇಳಿದ್ದುಂಟು. ಆದರೆ ಅವಳ ಕಣ್ಣಿಗೆ ಬಿದ್ದದ್ದು ಮುಚ್ಚಿದ ಕಿಟಕಿಗಳು. ಸಿಟ್ಟು ನೆತ್ತಿಗೇರಿತು. ಬಾಗಿಲು ಕಿಟಕಿ ಹಾಕಿಕೊಂಡು ಒಳಗೇ ಸೇದುತ್ತೀಯ, ಅಪ್ಪನಿಗಿಂತ ಒಂದು ಕೈ ಮೇಲು, ಅಪ್ಪ ತನ್ನನ್ನು ಕೊಂದುಕೊಂಡರು, ನೀನು ಅಮ್ಮನನ್ನೂ ಕೊಲ್ಲುತ್ತೀಯ ಎಂದಳು.

ತಮ್ಮ ಹೊಲಿಗೆ ನಿಲ್ಲಿಸಿ ಕೂತಿದ್ದ. ಮುಖ ಬಿಳುಚಿತ್ತು. “ಕಿಟಕಿ ಮುಚ್ಚು ಅಂದವಳು ನೀನೇ ಅಲ್ವಾ ಅಕ್ಕ” ಎಂದ.

“ಹೊರಗಿನ ಹೊಗೆ ಒಳಗೆ ಬರದೇ ಇರಲಿ ಅಂತ ಮುಚ್ಚು ಅಂದೆ. ಒಳಗಿನದು ಹೊರಗೆ ಹೋಗದೇ ಇರಲಿ ಅಂತಲ್ಲ.”

ಮಾತು ಚೆನ್ನಾಗಿ ಬಂತೆಂದು ಅವಳಿಗೆ ಆ ಕ್ಷಣಕ್ಕೆ ಅನಿಸಿದ್ದೂ ಹೌದು. ಅಮ್ಮ ನಡುವೆ ಬಂದು, ಅವನು ಸೇದಿದ್ದು ನಾನು ನೋಡಿಲ್ಲ ಕಣೇ ಎಂದಳು. ಅಪ್ಪ ಸೇದಿದ್ದನ್ನು ನೋಡಿದ್ದೆಯಾ ಎಂದು ಮಗಳು ಕೇಳಿದಳು. ಆ ಮಧ್ಯಾಹ್ನವೇ ಅಮ್ಮನ ನಾಲ್ಕು ಬಟ್ಟೆ ಗಂಟು ಕಟ್ಟಿಸಿ ತನ್ನ ಕ್ವಾರ್ಟರ್ಸಿಗೆ ಕರೆದುಕೊಂಡು ಬಂದಳು. ತಮ್ಮ ತಡೆಯಲಿಲ್ಲ. ಅಮ್ಮನ ಚೀಲವನ್ನು ತಾನೇ ಎತ್ತಿಕೊಂಡು ಬಸ್ಸಿನವರೆಗೆ ಬಂದು, ಕಿಟಕಿಯಿಂದ ಕೊಟ್ಟು ಹೋದ.

ಅವಳ ಮನೆಗೆ ಬಂದ ಎರಡೇ ದಿನದಲ್ಲಿ ಅಮ್ಮನ ತಲೆನೋವು ಹೇಳಹೆಸರಿಲ್ಲದೆ ಹೋಯಿತು. ಊದಿಸಿದರೆ ಹಸಿರು. ಇದಕ್ಕಿಂತ ಹೆಚ್ಚಿನ ಪುರಾವೆ ಯಾವ ಸಂಶೋಧಕಿಗೆ ಬೇಕು? ಮಗನಿಂದ ದೂರವಿಟ್ಟರೆ ಗುಣ, ಹತ್ತಿರವಿಟ್ಟರೆ ಕಾಯಿಲೆ. ಅವಳ ವೃತ್ತಿಯಲ್ಲಿ ಇಷ್ಟು ಶುದ್ಧವಾದ ಫಲಿತಾಂಶ ಸಿಕ್ಕಿದ್ದೇ ಅಪರೂಪ. ಅಮ್ಮ ಮಾತ್ರ ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುತ್ತ, ಅವನು ಒಬ್ಬನೇ, ಊಟ ಮಾಡ್ತಾನೋ ಇಲ್ಲವೋ, ಕೂಗಿದರೆ ಕೇಳಿಸೋರು ಯಾರೂ ಇಲ್ಲ ಎಂದು ಗೊಣಗುತ್ತಲೇ ಇದ್ದಳು. ಬುದ್ಧಿ ಬರಲಿ ಬಿಡು ಎಂದು ಮಗಳು ಹೇಳಿದಳು. ಅವಳು ಕಾಯುತ್ತಿದ್ದಳು. ಕಾಯುವುದೊಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಒಂದು ಸಂಜೆ ತಮ್ಮನೇ ಫೋನ್ ಮಾಡಿದ. ಶಾಲೆಯ ಕೋಟುಗಳ ಆರ್ಡರ್ ಬಂದಿದೆ, ಹಗಲೂ ರಾತ್ರಿ ಕೂತರೂ ಮುಗಿಯುತ್ತಿಲ್ಲ, ತಲೆ ಎತ್ತಲಾಗುತ್ತಿಲ್ಲ, ಗುಂಡಿ ಹಾಕಲು ಅಮ್ಮ ಬೇಕು ಎಂದ. ಅವಳು ಸುಮ್ಮನಿದ್ದಳು. ಫೋನಿನಲ್ಲೂ ಅದೇ ಮೌನ. ಆ ಕಡೆಯಿಂದ ಉಸಿರಾಟ ಕೇಳುತ್ತಿತ್ತು, ಸ್ವಲ್ಪ ಏದುಸಿರು. ಆಮೇಲೆ ಅವನು ನಿಧಾನವಾಗಿ ಹೇಳಿದ, “ಆಯ್ತಕ್ಕ. ಸೇದಿದೆ ಅಂತಲೇ ಇಟ್ಕೋ. ಅಮ್ಮನ್ನ ಕಳಿಸು.”

ಅವಳಿಗೆ ಎದೆ ಹಗುರಾಯಿತು. ಗೆದ್ದೆ ಎಂದುಕೊಂಡಳು. ಅಪ್ಪ ಸಾಯುವವರೆಗೂ ಒಪ್ಪಿಕೊಳ್ಳದ್ದನ್ನು ಇವನು ಒಪ್ಪಿಕೊಂಡ, ಇನ್ನು ಇವನು ಉಳಿದುಕೊಂಡ ಎಂದು ಕಣ್ಣಲ್ಲಿ ನೀರು ಕೂಡ ಬಂತು. ಪ್ರೀತಿಯಿಂದಲೇ ಹೇಳಿದಳು, “ಸರಿ ಕಣೋ. ಇನ್ನೊಂದು ವಾರ ಬಿಟ್ಟು ತೋರಿಸು, ನಾನೇ ಕರ್ಕೊಂಡು ಬರ್ತೀನಿ.” ಅವನು ಹೂಂ ಎಂದ.

ವಾರ ತುಂಬಲಿಲ್ಲ. ಚಹದಂಗಡಿಯವನು ತಾನು ಹೊಲಿಯಲು ಕೊಟ್ಟ ಪ್ಯಾಂಟು ಕೇಳಲು ಬೆಳಿಗ್ಗೆ ಮೇಲೆ ಹತ್ತಿದ. ಒಳಗೆ ಹೊಲಿಗೆ ಯಂತ್ರದ ದೀಪ ಉರಿಯುತ್ತಿದೆ, ಎಷ್ಟು ಬಡಿದರೂ ಉತ್ತರವಿಲ್ಲ. ಭುಜ ಕೊಟ್ಟು ಬಾಗಿಲು ಮುರಿದ. ತಮ್ಮ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಬಿದ್ದಿದ್ದ, ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು. ಎತ್ತಿ ಹೊರಗೆ ತರುವಷ್ಟರಲ್ಲಿ ಚಹದಂಗಡಿಯವನಿಗೂ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತನಂತೆ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನವಳು, ಅವಳ ಹಳೆಯ ವಿದ್ಯಾರ್ಥಿಯೇ ಆಗಿರಬಹುದಾದಷ್ಟು. ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದೆ ಎಂದಳು. ಕೋಣೆಯಲ್ಲಿ ಹೀಟರ್ ಇತ್ತಾ, ಕಿಟಕಿ ಮುಚ್ಚಿತ್ತಾ, ಮನೆಯಲ್ಲಿ ಬೇರೆ ಯಾರಿಗಾದರೂ ತಲೆನೋವು ಬರುತ್ತಿತ್ತಾ ಎಂದು ಕೇಳಿದಳು. ಪಾಠದ ಕೊನೆಯ ಚಿತ್ರವೇ ಪ್ರಶ್ನೆಗಳಾಗಿ ಎದುರು ನಿಂತಿತ್ತು. ಅಕ್ಕನಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ.

“ಇವರು ಸಿಗರೇಟು ಸೇದ್ತಾರಾ?” ಎಂದಳು ಡಾಕ್ಟರು.

“ಇಲ್ಲ” ಎಂದಳು ಅಕ್ಕ. “ಬಿಟ್ಟಿದ್ದಾನೆ.”

ಎಷ್ಟೋ ವರ್ಷದ ಹಿಂದೆ ಇಂಥದೇ ಬಿಳಿಗೋಡೆಯ ಮುಂದೆ ನಿಂತು ಅಪ್ಪನ ಪರವಾಗಿ ಇದೇ ಮಾತು ಹೇಳಿದ್ದಳು. ಆಗ ಅದು ಸುಳ್ಳಾಗಿತ್ತು, ನಂಬಿ ಹೇಳಿದ್ದಳು. ಈಗ ನಿಜವಾಗಿತ್ತು. ಹೇಳುವುದಕ್ಕೆ ಮಾತ್ರ ತಡವಾಗಿತ್ತು.

ಮಾರನೆಯ ದಿನ ತಮ್ಮನ ಬಟ್ಟೆ ತರಲು ಆ ಮನೆಗೆ ಹೋದಳು. ಬಾಗಿಲು ಮುರಿದು ಗಾಳಿ ಆಡಿ ಕೋಣೆ ತಣ್ಣಗಿತ್ತು. ಪರದೆ ಮೂಸಿದಳು, ಥಾನುಗಳನ್ನು ಮೂಸಿದಳು, ಅವನ ಹಾಸಿಗೆಯ ದಿಂಬು ಮೂಸಿದಳು. ಯಂತ್ರದ ಕೆಳಗಿನ ಖಾನೆ ಎಳೆದಳು, ದಾರದ ಉಂಡೆಗಳ ಹಿಂದೆ ಗಮ್ಮಿನ ಖಾಲಿ ಪಟ್ಟಿಗಳು ಬಿಟ್ಟರೆ ಏನೂ ಇಲ್ಲ. ತಲೆ ಎತ್ತಿದಾಗ ಚಹದಂಗಡಿ ಕಡೆಯ ಗೋಡೆಯಲ್ಲಿ, ಹೀಟರಿನ ಮೇಲ್ಗಡೆ, ಗಾಳಿಗಿಂಡಿ ಇದ್ದ ಜಾಗ ಕಂಡಿತು. ಅದಕ್ಕೆ ಬಟ್ಟೆಯ ದಪ್ಪ ಸುರುಳಿಯೊಂದು ಬಿಗಿಯಾಗಿ ತುಂಬಿತ್ತು. ಕುರ್ಚಿ ಹತ್ತಿ ಎಳೆದರೆ ಸುಲಭಕ್ಕೆ ಬರಲಿಲ್ಲ. ಕೋಟಿನ ಒಳಪದರದ ಬಟ್ಟೆಯನ್ನು ಗಿಂಡಿಯ ಅಳತೆಗೆ ಸರಿಯಾಗಿ ಕತ್ತರಿಸಿ, ಒಳಗೆ ಹತ್ತಿ ತುಂಬಿ, ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿದ್ದ. ಯಾರ ಕಣ್ಣಿಗೂ ಬೀಳದ ವಸ್ತುವಿಗೂ ಮದುವೆ ಕೋಟಿಗೆ ಹಾಕುವ ಹೊಲಿಗೆ. ಒಂದು ಎಳೆ ಹೊಗೆಯೂ ಬರದ ಹಾಗೆ ನೋಡಿಕೋ ಎಂದಿದ್ದಳಲ್ಲ, ನೋಡಿಕೊಂಡಿದ್ದ. ಕೈ ಕಾಯಿಸಿಕೊಳ್ಳಲು ಅವಳು ಕೂತಿದ್ದು ಅದರ ನೇರ ಕೆಳಗೆ. ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು, ಅಪ್ಪ ಹೋದಾಗ ಬಾರದಿದ್ದ ಅಳುವನ್ನೂ ಸೇರಿಸಿ ಅತ್ತಳು.

ತಮ್ಮ ಸಾಯಲಿಲ್ಲ. ಎಷ್ಟೋ ದಿನದ ಮೇಲೆ ಕಣ್ಣು ಬಿಟ್ಟ, ಮಾತಾಡಿದ, ನಡೆದ. ಆದರೆ ಆ ಅನಿಲ ಅವನ ತಲೆಯೊಳಗೆ ಏನನ್ನೋ ಸುಟ್ಟುಬಿಟ್ಟಿತ್ತು. ಹಳೆಯದೆಲ್ಲ ನೆನಪಿದೆ, ಹೊಸದು ಯಾವುದೂ ನಿಲ್ಲುವುದಿಲ್ಲ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕಿಲ್ಲ. ಸೂಜಿಗೆ ದಾರ ಪೋಣಿಸುತ್ತಾನೆ, ಯಾಕೆ ಪೋಣಿಸಿದೆ ಎಂದು ಮರೆತು ಎಳೆದು ತೆಗೆಯುತ್ತಾನೆ, ಮತ್ತೆ ಪೋಣಿಸುತ್ತಾನೆ. ಮೂವರೂ ಈಗ ಒಂದೇ ಮನೆಯಲ್ಲಿ. ಅಮ್ಮ ಮಗಳನ್ನು ಒಂದು ಮಾತೂ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸುತ್ತದೆ.

ನಿಮಗೆ ಹೇಗೆ ಗೊತ್ತಾಗಬೇಕು ಮೇಡಂ ಎಂದು ಸಹೋದ್ಯೋಗಿಗಳು ಸಮಾಧಾನ ಹೇಳಿದರು. ನಾನು ಅದನ್ನೇ ಪಾಠ ಮಾಡುತ್ತೇನೆ ಎಂದು ಅವಳು ಹೇಳಿದ ಮೇಲೆ ಯಾರೂ ಆ ವಿಷಯ ಎತ್ತಲಿಲ್ಲ. ನಡೆದದ್ದನ್ನು ಹೆಸರಿಲ್ಲದೆ ತನ್ನ ಶಾಸ್ತ್ರದ ಪತ್ರಿಕೆಯೊಂದಕ್ಕೆ ಬರೆದು ಕಳಿಸಿದಳು, ಬೇರೆಯವರಾದರೂ ಎಚ್ಚರವಾಗಲಿ ಎಂದು. ಪರಿಶೀಲಕರು ಒಂದೇ ಪ್ರಶ್ನೆ ಕೇಳಿ ವಾಪಸು ಕಳಿಸಿದರು. ತಾನು ಸೇದುತ್ತಿಲ್ಲವೆಂದು ಆ ವ್ಯಕ್ತಿ ಹೇಳಿರಲಿಲ್ಲವೇ? ಹೇಳಿದ್ದ ಎಂದು ಬರೆದಳು. ಅದಕ್ಕಿಂತ ಹೆಚ್ಚು ಏನು ಬರೆಯಬೇಕೆಂದು ತಿಳಿಯದೆ ಹಾಗೇ ಕಳಿಸಿದಳು. ಆಮೇಲೆ ಇನ್ನೂ ಅವಧಿ ಇರುವಾಗಲೇ ನಿವೃತ್ತಿ ಕೇಳಿ ಪಡೆದಳು. ಮೊಗಸಾಲೆಯ ಕುಂಡಕ್ಕೆ ಈಗ ಯಾರೂ ಗಾಬರಿಯಿಂದ ಸಿಗರೇಟು ಎಸೆಯುವುದಿಲ್ಲವಂತೆ. ಆರಾಮವಾಗಿ ಸೇದಿ ಮುಗಿಸಿ ಹಾಕುತ್ತಾರೆ.

ಸಂಜೆ ಚಹದ ಹೊತ್ತಿಗೆ ಅವಳು ಹೊರಗಿನಿಂದ ಬಂದು ಚೀಲ ಕೆಳಗಿಡುವುದನ್ನೇ ತಮ್ಮ ನೋಡುತ್ತಿರುತ್ತಾನೆ. ನೋಡಿದವನೇ ಸೂಜಿ ಬಿಟ್ಟು ನೆಟ್ಟಗೆ ಕೂರುತ್ತಾನೆ. ಅವನಿಗೆ ನಡುವಿನದೆಲ್ಲ ಅಳಿಸಿಹೋಗಿ ಆ ಬೆಳಿಗ್ಗೆಯ ಕೆಂಪು ದೀಪವೊಂದು ಉಳಿದುಬಿಟ್ಟಿದೆ.

“ಅಕ್ಕಾ, ನಾನು ಸೇದಿಲ್ಲ.”

“ಗೊತ್ತು ಕಣೋ.”

“ನಿಜವಾಗಲೂ ಸೇದಿಲ್ಲ.”

“ನಂಬ್ತೀನಿ. ನಿನ್ನ ಮಾತೇ ಸಾಕು.”

ಅವನು ತಲೆ ಅಲ್ಲಾಡಿಸುತ್ತಾನೆ. ಮೊದಮೊದಲು ಅವಳು ಹತ್ತು ಬಗೆಯಲ್ಲಿ ಹೇಳಿ ನೋಡಿದಳು, ಕೈ ಹಿಡಿದು ಹೇಳಿದಳು, ತಪ್ಪು ನನ್ನದು ಎಂದಳು, ಅಮ್ಮನಿಂದ ಹೇಳಿಸಿದಳು. ಅವನ ಮುಖದ ಕಳವಳ ಇಳಿಯುವುದಿಲ್ಲ. ಅಕ್ಕನಿಗೆ ಬಾಯಿಮಾತು ಸಾಲುವುದಿಲ್ಲ ಎಂಬುದೊಂದು ಅವನಿಗೆ ಮರೆಯದ ಹಾಗೆ ಗೊತ್ತಿದೆ. ಉಸಿರೆಳೆದು, ಕೆನ್ನೆ ಉಬ್ಬಿಸಿ, ಹಿಡಿದುಕೊಂಡು ಕಾಯುತ್ತಾನೆ, ಅವಳು ಕಲಿಸಿದ ಹಾಗೆಯೇ. ಹಾಗೆ ಬಿಟ್ಟರೆ ಮುಖ ಕೆಂಪಾಗುವವರೆಗೂ ಬಿಡುವುದಿಲ್ಲ.

ಆಗ ಅವಳು ಎದ್ದು ಕಪಾಟಿನಿಂದ ಯಂತ್ರ ತರುತ್ತಾಳೆ. ಅದರ ಮುಖ ನೋಡಲು ಅವಳಿಗೆ ಮನಸ್ಸಿಲ್ಲ, ಆದರೆ ಕೊಳವೆ ಸಿಕ್ಕಿಸಿ ಅವನ ತುಟಿಗೆ ಹಿಡಿಯುತ್ತಾಳೆ. ಅವನು ನಿಧಾನವಾಗಿ ಊದುತ್ತಾನೆ. ಹಸಿರು ಹತ್ತುತ್ತದೆ.

“ನೋಡಿದ್ಯಾ?” ಎನ್ನುತ್ತಾನೆ, ಅಡುಗೆಮನೆಯ ಅಮ್ಮನಿಗೂ ಕೇಳುವ ಹಾಗೆ.

“ನೋಡಿದೆ” ಎನ್ನುತ್ತಾಳೆ.

ಅವನ ಹೆಗಲು ಸಡಿಲವಾಗುತ್ತದೆ, ನಗುತ್ತಾನೆ, ಚಹ ಕುಡಿಯುತ್ತಾನೆ. ಲೋಟ ಖಾಲಿಯಾಗುವ ಹೊತ್ತಿಗೆ ಮತ್ತೆ ಅವಳ ಕಡೆ ನೋಡಿ ನೆಟ್ಟಗೆ ಕೂರುತ್ತಾನೆ. ಅವಳು ಯಂತ್ರವನ್ನು ಕಪಾಟಿಗೆ ಇಟ್ಟಿರುವುದಿಲ್ಲ, ಮಡಿಲಲ್ಲೇ ಇಟ್ಟುಕೊಂಡಿರುತ್ತಾಳೆ.